ಹೆಸರಿದ್ದರೆ ಇರಲಿ, ಪಾಲಿಶ್ ಬೇಡ

ಗುಜರಿ ಅಂಗಡಿಯಲ್ಲಿ ಹಳೇ ಪಾತ್ರೆಗೆ ಇರುವುದು ಒಂದೇ ಬೆಲೆ, ತೂಕದ ಬೆಲೆ. ತಕ್ಕಡಿಗೆ ಹಾಕು, ಕಿಲೋಗೆ ಇಷ್ಟು, ದುಡ್ಡು ಕೊಡು, ತಗೊಂಡು ಹೋಗು. ಅದೇ ಪಾತ್ರೆ ಎರಡು ಬೀದಿ ದಾಟಿ ‘ಆಂಟಿಕ್ಸ್’ ಅಂತ ಬೋರ್ಡು ಹಾಕಿದ ಅಂಗಡಿಗೆ ಹೋದರೆ ತೂಕದ ಮಾತೇ ಏಳುವುದಿಲ್ಲ. ಮೇಲಿಂದ ಹಳದಿ ದೀಪ, ಕೆಳಗೊಂದು ಮರದ ಪೀಠ, ಬೆಲೆ ಮೂರು ಪಟ್ಟು. ಈ ಎರಡು ಅಂಗಡಿಗಳ ನಡುವೆ ಪಾತ್ರೆಗೆ ಒಂದು ಕೆಲಸ ನಡೆದಿರುತ್ತದೆ. ಬಫಿಂಗ್. ತಿರುಗುವ ಚಕ್ರಕ್ಕೆ ಹಿಡಿದು ಉಜ್ಜಿ ಫಳಫಳ ಅನ್ನಿಸುವುದು. ಹಾಗೆ ಉಜ್ಜುವಾಗ ಕಂಠದ ಮೇಲೆ ಕೊರೆಸಿದ್ದ ಹೆಸರೂ ಅಳಿಸಿಹೋಗುತ್ತದೆ.

ನಾನು ಹುಡುಕುವುದು ಆ ಹೆಸರನ್ನೇ.

ನಮ್ಮ ಮನೆಯಲ್ಲಿ ಈಗ ಹಿತ್ತಾಳೆ ತಂಬಿಗೆ, ದಬರಿ, ಕೊಳದಪ್ಪಲೆ, ತಾಮ್ರದ ಹಂಡೆ, ಕಂಚಿನ ಬಟ್ಟಲು ಅಂತ ಸಾಕಷ್ಟು ಸೇರಿವೆ. ಯಾವುದೂ ನಮ್ಮ ಅಜ್ಜಿಯದಲ್ಲ, ಅತ್ತೆಯದಲ್ಲ. ಎಲ್ಲ ಪರರ ಮನೆಯವು. ಅಟ್ಟದ ಮೇಲೆ ಜಾಗ ಮುಗಿದು ಬಾಲ್ಕನಿಗೆ ಬಂದಿವೆ. ಬಂದವರು ‘ಎಷ್ಟು ಚೆನ್ನಾಗಿದೆ’ ಅನ್ನುತ್ತಾರೆ, ಆಮೇಲೆ ಹತ್ತಿರ ಹೋಗಿ ಓದಿ ‘ಇದ್ಯಾರು ಇವರು?’ ಅಂತ ಕೇಳುತ್ತಾರೆ. ‘ಗೊತ್ತಿಲ್ಲ’ ಅಂದರೆ ಮುಖ ಸಪ್ಪಗಾಗುತ್ತದೆ. ಬೇರೆಯವರ ಹೆಸರಿರುವ ತಟ್ಟೆಯಲ್ಲಿ ಚಿತ್ರಾನ್ನ ತಿನ್ನಲು ಕೆಲವರಿಗೆ ಏನೋ ಕಸಿವಿಸಿ. ಅಂಗಡಿಯವರು ಹೆಸರು ಉಜ್ಜಿಸುವುದೂ ಇದಕ್ಕೇ. ಡ್ರಾಯಿಂಗ್ ರೂಮಿನ ಮೂಲೆಗೆ ಹಂಡೆ ಕೊಳ್ಳುವವರಿಗೆ ಹಂಡೆ ಬೇಕು, ಹಂಡೆಯ ಯಜಮಾನರು ಬೇಡ.

ಪಾತ್ರೆಗೆ ಹೆಸರು ಹಾಕಿಸುವುದು ಯಾಕೆ ಅಂತ ಹಳಬರಿಗೆ ಹೇಳಬೇಕಾಗಿಲ್ಲ. ನಮ್ಮದು ತಿಪಟೂರು ಕಡೆ. ನಾನು ಚಿಕ್ಕವಳಿದ್ದಾಗ ಊರಲ್ಲಿ ಮದುವೆ ಅಂದರೆ ಪಾತ್ರೆ ಬಾಡಿಗೆಗೆ ಬರುತ್ತಿರಲಿಲ್ಲ, ಮನೆಮನೆಯಿಂದ ಬರುತ್ತಿತ್ತು. ಅವರ ಮನೆಯ ಕೊಪ್ಪರಿಗೆ, ಇವರ ಮನೆಯ ದೊಡ್ಡ ತಪ್ಪಲೆ, ಆಚೆ ಬೀದಿಯ ಗಂಗಾಳಗಳು. ಮದುವೆ ಮುಗಿದ ಮಾರನೇ ದಿನ ಹಿತ್ತಲಲ್ಲಿ ತೊಳೆದು ಬೋರಲು ಹಾಕಿದ ಪಾತ್ರೆಗಳ ರಾಶಿ. ಓದು ಬರುವ ಮಕ್ಕಳನ್ನು ಕೂರಿಸಿ ಒಂದೊಂದನ್ನೇ ಕೈಗೆ ಕೊಡುತ್ತಿದ್ದರು. ನಾವು ಹೆಸರು ಕೂಗುವುದು, ಅವರು ಬೇರೆ ಬೇರೆ ಗುಂಪು ಮಾಡುವುದು. ಹೆಸರಿಲ್ಲದ ಸೌಟು ಒಂದು ಸಿಕ್ಕಿದರೆ ಮೂರು ಮನೆಯವರು ‘ನಮ್ಮದು’ ಅನ್ನುತ್ತಿದ್ದರು. ನಾನು ಕನ್ನಡ ಸರಾಗವಾಗಿ ಓದಲು ಕಲಿತದ್ದು ಅರ್ಧ ಶಾಲೆಯಲ್ಲಿ, ಇನ್ನರ್ಧ ಆ ಹಿತ್ತಲಲ್ಲಿ.

ಉಡುಗೊರೆ ಕೊಡುವವರಿಗೂ ಹೆಸರು ಬೇಕೇ ಬೇಕು. ಸೋದರಮಾವ ಕೊಟ್ಟ ಹಂಡೆ ಸೋದರಮಾವ ಕೊಟ್ಟದ್ದು ಅಂತ ನಾಲ್ಕು ಜನಕ್ಕೆ ಗೊತ್ತಾಗಬೇಡವೇ? ಪಾತ್ರೆ ಅಂಗಡಿಯ ಮೆಟ್ಟಿಲ ಮೇಲೆ ಹೆಸರು ಹಾಕುವವನು ಕೂತಿರುತ್ತಿದ್ದ. ಸಣ್ಣ ಉಳಿ, ಸಣ್ಣ ಸುತ್ತಿಗೆ. ಟಿಕ್ ಟಿಕ್ ಅಂತ ಚುಕ್ಕಿ ಚುಕ್ಕಿಯಾಗಿ ಅಕ್ಷರ ಮೂಡಿಸುತ್ತಿದ್ದ. ಆಮೇಲೆ ಕರೆಂಟಿನ ಪೆನ್ನು ಬಂತು. ಅದು ಗುಂಯ್ ಅಂತ ದುಂಬಿಯ ಹಾಗೆ ಸದ್ದು ಮಾಡುತ್ತಾ ಗೆರೆ ಎಳೆಯುತ್ತದೆ. ಚುಕ್ಕಿ ಅಕ್ಷರವೋ ಗೆರೆ ಅಕ್ಷರವೋ ಅಂತ ನೋಡಿದರೆ ಸಾಕು, ಪಾತ್ರೆಗೆ ಹೆಸರು ಬಿದ್ದ ಕಾಲ ಸುಮಾರಾಗಿ ತಿಳಿಯುತ್ತದೆ.

ನನ್ನ ಹತ್ತಿರ ಇರುವ ಒಂದು ತಂಬಿಗೆಯನ್ನೇ ತಗೊಳ್ಳಿ. ಬೆಂಗಳೂರಿನ ಸಂಡೇ ಬಜಾರಿನಲ್ಲಿ ಸಿಕ್ಕಿದ್ದು. ಹಳೇ ಮಿಕ್ಸಿ ಜಾರು, ಒಂಟಿ ಚಪ್ಪಲಿ, ರಿಮೋಟುಗಳ ಗುಡ್ಡೆಯ ಪಕ್ಕದಲ್ಲಿ ಬಿದ್ದಿತ್ತು. ಕಪ್ಪಗಾಗಿ ಹಿತ್ತಾಳೆಯೋ ಕಬ್ಬಿಣವೋ ತಿಳಿಯುತ್ತಿರಲಿಲ್ಲ. ಎತ್ತಿದರೆ ಗಾತ್ರಕ್ಕಿಂತ ತೂಕ ಜಾಸ್ತಿ. ಕಂಠದ ಕೆಳಗೆ ಹೆಬ್ಬೆರಳು ಆಡಿಸಿದೆ, ಚುಕ್ಕಿಗಳು ತಾಗಿದವು. ಮನೆಗೆ ತಂದು ಹುಣಸೆಹಣ್ಣು, ಉಪ್ಪು ಹಚ್ಚಿ ಮೆಲ್ಲಗೆ ತಿಕ್ಕಿದ ಮೇಲೆ ಅಕ್ಷರ ಎದ್ದವು. ‘ವಿರೋಧಿ ಸಂ॥ ಮಾಘ’. ಅದರ ಕೆಳಗೆ ‘ಸೌ॥’, ಅಂದರೆ ಸೌಭಾಗ್ಯವತಿ, ಅಂತ ಶುರುವಾಗಿ ಒಬ್ಬ ಮುತ್ತೈದೆಯ ಹೆಸರು, ‘ಗೆ ಅಣ್ಣನಿಂದ’. ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವರ ಮನೆಯವರು ಎಲ್ಲಾದರೂ ಇದ್ದಾರು.

ಇಸವಿ ಇಲ್ಲ, ಸಂವತ್ಸರ ಇದೆ. ಅರವತ್ತು ಸಂವತ್ಸರದ ಚಕ್ರದಲ್ಲಿ ವಿರೋಧಿ ಇಪ್ಪತ್ತಮೂರನೆಯದು. ಅದು ಬಂದದ್ದು 1889ರಲ್ಲಿ, 1949ರಲ್ಲಿ, 2009ರಲ್ಲಿ. 2009ರಲ್ಲಿ ಯಾರೂ ಉಳಿ ಹಿಡಿದು ಸಂವತ್ಸರ ಕೊರೆಸುವುದಿಲ್ಲ, ಅದು ಬಿಟ್ಟೇ ಹೋಯಿತು. 1889 ಅನ್ನಲು ಅಕ್ಷರದ ಮೋಡಿ ಅಷ್ಟು ಹಳೇದಲ್ಲ, ತೀರಾ ಈಚಿನ ಶಾಲೆ ಅಕ್ಷರ. ಹಾಗಾಗಿ 1949ರ ಯುಗಾದಿಯಿಂದ ಶುರುವಾದ ವಿರೋಧಿ ಅಂತ ನನ್ನ ಲೆಕ್ಕ. ಮಾಘ ಮಾಸ ಬರುವುದು ವರ್ಷದ ಕೊನೆಗೆ. ಅಂದರೆ 1950ರ ಜನವರಿ, ಫೆಬ್ರವರಿ. ದೇಶ ಗಣರಾಜ್ಯ ಆದ ಹೊತ್ತಿನಲ್ಲಿ ಯಾರೋ ಅಣ್ಣ ತಂಗಿಗೆ ತಂಬಿಗೆ ಕೊಡಿಸಿದ್ದಾನೆ. ಮಾಘ ಮದುವೆಯ ಕಾಲ ಬೇರೆ.

ಇದೇ ತಂಬಿಗೆಯ ತಳ ತಿರುಗಿಸಿದರೆ ಅಲ್ಲಿ ಕರೆಂಟಿನ ಪೆನ್ನಿನ ಬರಹ. ಇಂಗ್ಲಿಷಿನಲ್ಲಿ ಮೂರು ಇನಿಷಿಯಲ್, ಪಕ್ಕದಲ್ಲಿ 1983. ಮಗನೋ, ಅಳಿಯನೋ, ಎಲ್ಲಿಂದಲೋ ಕೊಂಡವನೋ. ಒಳಗೆ ಕೈ ಹಾಕಿದರೆ ಅರ್ಧಕ್ಕೆ ಒಂದು ಬಿಳೀ ಗೆರೆ ತಾಗುತ್ತದೆ, ಗಡಸು ನೀರು ಕಟ್ಟಿದ ಗೆರೆ. ನದಿ ನೀರಿನ ಮನೆಯಲ್ಲಿ ಇದು ಅಷ್ಟಾಗಿ ಬರುವುದಿಲ್ಲ. ಬಾವಿಯೋ ಬೋರ್‌ವೆಲ್ಲೋ ಇದ್ದ ಮನೆ. ಹೊಟ್ಟೆಯ ಒಂದು ಕಡೆ ಸಣ್ಣ ತಗ್ಗು. ಸರಿಯಾಗಿ ಆ ‘ಸೌ॥’ ಇರುವ ಜಾಗ ಸ್ವಲ್ಪ ಸವೆದಿದೆ. ಗೆಳತಿಯೊಬ್ಬಳು ಅದನ್ನು ನೋಡಿ, ಗಂಡ ಹೋದಮೇಲೆ ಯಾರೋ ಅದನ್ನು ಕೆರೆದಿದ್ದಾರೆ ಅಂತ ಕಣ್ಣಲ್ಲಿ ನೀರು ತಂದುಕೊಂಡಳು. ನಾನು ಭೂತಗನ್ನಡಿ ಕೊಟ್ಟೆ. ಕೆರೆದ ಗೀರು ಒಂದೂ ಇಲ್ಲ. ಎಡಗೈಯಲ್ಲಿ ತಂಬಿಗೆ ಹಿಡಿದಾಗ ಹೆಬ್ಬೆರಳು ಕೂರುವ ಜಾಗ ಅದು, ದಿನಾ ಹಿಡಿದು ಸವೆದಿದೆ ಅಷ್ಟೇ. ಹಳೇ ವಸ್ತು ಕೈಗೆ ಬಂದರೆ ಕೆಲವರಿಗೆ ಸುಮ್ನೆ ಧಾರಾವಾಹಿ ಶುರುವಾಗುತ್ತದೆ. ನನಗೆ ಸವೆತ ಸಾಕು.

ಸಂಡೇ ಬಜಾರಿಗೆ ಹೋಗದವರಿಗೆ ಒಂದು ಮಾತು. ಚಿಕ್ಕಪೇಟೆ, ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಸುತ್ತಮುತ್ತ ಭಾನುವಾರ ಬೆಳಿಗ್ಗೆ ಅಂಗಡಿಗಳ ಬಾಗಿಲು ಮುಚ್ಚಿರುವಾಗ ಅವುಗಳ ಮುಂದೆ ಟಾರ್ಪಾಲು ಹಾಸಿಕೊಂಡು ಕೂರುತ್ತಾರೆ. ಬೇಗ ಹೋಗಬೇಕು. ಬಿಸಿಲೇರಿದ ಮೇಲೆ ಹೋದರೆ ಜೀನ್ಸ್ ಪ್ಯಾಂಟು, ಚಾರ್ಜರು ಬಿಟ್ಟು ಬೇರೇನೂ ಇರುವುದಿಲ್ಲ. ಒಳ್ಳೇ ಮಾಲನ್ನು ಆಂಟಿಕ್ ಅಂಗಡಿಯವರು ಟಾರ್ಚು ಹಿಡಿದು ಬಂದು ಎತ್ತಿಕೊಂಡು ಹೋಗಿರುತ್ತಾರೆ. ಹೋದಕೂಡಲೇ ಹಿತ್ತಾಳೆ ಕಡೆ ನೋಡಬಾರದು. ಸ್ಟೀಲ್ ಡಬ್ಬಿ ಎತ್ತಿ, ಬೆಲೆ ಕೇಳಿ, ಇಟ್ಟು, ಆಮೇಲೆ ‘ಇದೇನಪ್ಪಾ ಇದು ಕಪ್ಪುದು’ ಅನ್ನಬೇಕು. ಕಣ್ಣು ಅರಳಿತೋ, ಬೆಲೆ ಏರಿತು.

ಆಂಟಿಕ್ ಅಂಗಡಿಯಲ್ಲಿ ಮಾತಿನ ಧಾಟಿಯೇ ಬೇರೆ. ಅಲ್ಲಿ ಎಲ್ಲವೂ ‘ಪ್ಯಾಲೆಸ್ ಪೀಸ್’. ಮೈಸೂರು ಅರಮನೆಯಲ್ಲಿ ಅಷ್ಟು ಚೊಂಬು ಇದ್ದಿದ್ದರೆ ಮಹಾರಾಜರಿಗೆ ನಿಲ್ಲಲು ಜಾಗ ಇರುತ್ತಿರಲಿಲ್ಲ. ಇನ್ನೊಂದು ಮಾತು, ‘ಮೇಡಂ, ಇನ್ನೂರು ವರ್ಷ ಹಳೇದು’. ಇದಕ್ಕೆ ನನ್ನ ಹತ್ತಿರ ಒಂದು ಔಷಧಿ ಇದೆ. 1972ರ ಪುರಾತನ ವಸ್ತುಗಳ ಕಾಯ್ದೆ ಪ್ರಕಾರ ನೂರು ವರ್ಷಕ್ಕೆ ಕಡಿಮೆ ಇಲ್ಲದ ಇಂಥ ವಸ್ತು ಪುರಾತನ ವಸ್ತು. ಅದರ ವ್ಯಾಪಾರ ಮಾಡಲು ಲೈಸೆನ್ಸ್ ಬೇಕು. ‘ಇನ್ನೂರು ವರ್ಷಾನಾ? ಹಾಗಾದ್ರೆ ಲೈಸೆನ್ಸ್ ತೋರಿಸಿ’ ಅಂತ ನಗುತ್ತಾ ಕೇಳಿ. ಆ ಚೊಂಬು ಅಲ್ಲೇ ನಿಮ್ಮ ಕಣ್ಣೆದುರಿಗೇ ಐವತ್ತು ವರ್ಷಕ್ಕೆ ಇಳಿಯುತ್ತದೆ. ಬೆಲೆ ಮಾತ್ರ ಅಷ್ಟು ಬೇಗ ಇಳಿಯುವುದಿಲ್ಲ.

ಅದೇ ಕಾಯ್ದೆಯ ಇನ್ನೊಂದು ಮಾತು ಹೊರದೇಶದ ನೆಂಟರಿಗೆ. ಪುರಾತನ ವಸ್ತುವನ್ನು ಖಾಸಗಿಯವರು ದೇಶದಿಂದ ಹೊರಗೆ ಸಾಗಿಸುವಂತಿಲ್ಲ. ನ್ಯೂಜೆರ್ಸಿಯ ಕಸಿನ್ ಒಬ್ಬಳು ‘ಒಂದು ನಿಜವಾದ ಹಳೇ ತೂಗುದೀಪ ತಂದುಕೊಡೇ’ ಅಂತ ಪ್ರತಿ ಸಲ ಬಂದಾಗಲೂ ಕೇಳುತ್ತಾಳೆ. ನಿಜವಾಗಿ ಹಳೇದಾದರೆ ಸೂಟ್‌ಕೇಸಿಗೆ ಹಾಕುವ ಹಾಗಿಲ್ಲ, ಹಾಕುವ ಹಾಗಿದ್ದರೆ ಅದು ಅಷ್ಟು ಹಳೇದಲ್ಲ. ಇದನ್ನು ಹೇಳಿದರೆ ಅವಳಿಗೆ ಸಿಟ್ಟು.

ಹಾಗಾದರೆ ಹಳೇದು, ಹೊಸದು ಕಂಡುಹಿಡಿಯುವುದು ಹೇಗೆ? ಕಪ್ಪು ಬಣ್ಣ ನಂಬಬೇಡಿ. ಆ ಕಪ್ಪನ್ನು ಆಸಿಡ್ಡು, ಕೆಮಿಕಲ್ಲು ಬಳಿದು ಒಂದೇ ದಿನದಲ್ಲಿ ಬರಿಸುತ್ತಾರೆ. ಬರಿಸಿದ ಕಪ್ಪು ಎಲ್ಲ ಕಡೆ ಒಂದೇ ಸಮ ಇರುತ್ತದೆ. ನಿಜವಾದ ಬಳಕೆ ಒಂದೇ ಸಮ ಇರುವುದಿಲ್ಲ. ಕೈ ಹಿಡಿಯುವ ಕಡೆ ನುಣುಪು, ಸಂದಿಯಲ್ಲಿ ಕೊಳೆ, ತಳದಲ್ಲಿ ನೆಲಕ್ಕೆ ಉಜ್ಜಿದ ಗೀರು. ಹೊಸದರಲ್ಲಿ ತಳದ ಅಂಚು ಚೂಪಾಗಿರುತ್ತದೆ.

ಎರಡನೆಯದು ಬೆಸುಗೆ. ಹಳೇ ಹಂಡೆ, ಕೊಡ ಇವನ್ನೆಲ್ಲ ತಗಡು ಬಡಿದು ಮಾಡುತ್ತಿದ್ದರು. ಮೇಲಿನ ಭಾಗ, ಕೆಳಗಿನ ಭಾಗ ಬೇರೆ ಬೇರೆ ಬಡಿದು, ಎರಡರ ಅಂಚನ್ನೂ ಹಲ್ಲು ಹಲ್ಲಾಗಿ ಕತ್ತರಿಸಿ, ಒಂದರೊಳಗೆ ಒಂದು ಕೂರಿಸಿ ಬೆಸೆಯುತ್ತಿದ್ದರು. ಹಂಡೆಯ ಒಳಗೆ ಮೊಬೈಲ್ ಟಾರ್ಚ್ ಹಾಕಿ ನೋಡಿ. ಸೊಂಟದ ಸುತ್ತ ಆ ಹಲ್ಲಿನ ಸಾಲು ಕಾಣುತ್ತದೆ. ಬೆಸುಗೆಯ ಬಣ್ಣ ತಗಡಿನ ಬಣ್ಣಕ್ಕಿಂತ ಒಂದು ಚೂರು ಬೇರೆ. ಸುತ್ತಿಗೆಯ ಸಣ್ಣ ಸಣ್ಣ ತಗ್ಗುಗಳೂ ಕಾಣಬೇಕು. ನಮ್ಮ ತಾಮ್ರದ ಹಂಡೆಯಲ್ಲಿ ಈ ಹಲ್ಲುಗಳು ಎಷ್ಟು ಒಪ್ಪವಾಗಿ ಕೂತಿವೆ ಅಂದರೆ, ನೀರು ಕಾಯಿಸಿ ಕಾಯಿಸಿ ಕರಿ ಹಿಡಿದಿದ್ದರೂ ಇವತ್ತಿಗೂ ಒಂದು ಹನಿ ಜಿನುಗುವುದಿಲ್ಲ.

ಕಂಚಿಗೆ ಕಿವಿ ಬೇಕು. ಕಂಚು ಅಂದರೆ ತಾಮ್ರ, ತವರ ಸೇರಿದ್ದು, ಹೆಚ್ಚುಕಡಿಮೆ 78ಕ್ಕೆ 22. ಹಿತ್ತಾಳೆ ಅಂದರೆ ತಾಮ್ರಕ್ಕೆ ಸತು. ಕಂಚಿನ ಬಟ್ಟಲನ್ನು ಬೆರಳ ತುದಿಯ ಮೇಲೆ ಕೂರಿಸಿ ಉಗುರಿನಿಂದ ತಟ್ಟಿದರೆ ಘಂಟೆಯ ನಾದ ಬಂದು ಎಳೆದುಕೊಂಡು ಹೋಗುತ್ತದೆ. ಠಪ್ ಅಂದರೆ ಎಲ್ಲೋ ಬಿರುಕಿದೆ, ಕೆಳಗಿಡಿ. ಕಂಚು ಗಟ್ಟಿ, ಆದರೆ ಮಣಿಯುವುದಿಲ್ಲ, ಬಿದ್ದರೆ ಒಡೆಯುತ್ತದೆ. ಹಿತ್ತಾಳೆ ಬಿದ್ದರೆ ತಗ್ಗಾಗುತ್ತದೆ ಅಷ್ಟೇ. ಗುಜರಿಯಲ್ಲಿ ಎರಡನ್ನೂ ಒಂದೇ ಗುಡ್ಡೆಗೆ ಹಾಕಿರುವುದುಂಟು, ಅಂಥ ದಿನ ನಮ್ಮದು.

ಲೋಹದ ರೇಟು ಏರಿದ್ದರಿಂದ ಈಚೆಗೆ ಹಿತ್ತಾಳೆಗೆ ಗುಜರಿಯವರೂ ಹೆಚ್ಚೇ ಕೇಳುತ್ತಾರೆ. ಕೊಡಬಹುದು. ಅದು ಕರಗಿಸುವವರೂ ಕೊಡುವ ಬೆಲೆ. ಅದಕ್ಕಿಂತ ಸ್ವಲ್ಪ ಹೆಚ್ಚು ಕೊಟ್ಟರೆ ಪಾತ್ರೆ ಮೂಸೆಗೆ ಹೋಗದೆ ಉಳಿಯುತ್ತದೆ. ಮೂರು ಪಟ್ಟು ಕೊಡುವುದು ಮಾತ್ರ ನನ್ನ ಕೈಲಾಗುವುದಿಲ್ಲ, ಹಳದಿ ದೀಪದ ಬಿಲ್ಲು ನಾನ್ಯಾಕೆ ಕಟ್ಟಲಿ?

ಒಮ್ಮೆ ಆಸೆಪಟ್ಟು ಅಂಥದೇ ಒಂದು ಅಂಗಡಿಯಲ್ಲಿ ಗಂಗಾಳ ಒಂದಕ್ಕೆ ಅಡ್ವಾನ್ಸ್ ಕೊಟ್ಟೆ. ಅಂಚಿನ ಸುತ್ತ ಕನ್ನಡ ಅಂಕಿಯಲ್ಲಿ ೧೯೩೬ ಅಂತಿತ್ತು, ಒಂದು ಇಡೀ ವಾಕ್ಯವಿತ್ತು. ಅರ್ಧ ಓದಿದ್ದೆ, ಮಿಕ್ಕದ್ದು ಕೊಳೆಯಲ್ಲಿ ಮುಚ್ಚಿತ್ತು. ಮನೆಗೆ ತಂದು ನಿಧಾನವಾಗಿ ಓದೋಣ ಅಂದುಕೊಂಡು ಮುಂದಿನ ವಾರ ಬರುತ್ತೇನೆ ಅಂದೆ. ಮುಂದಿನ ವಾರ ಹೋದರೆ ಗಂಗಾಳ ಕನ್ನಡಿಯಾಗಿತ್ತು. ‘ಮೇಡಂ, ನಿಮಗೋಸ್ಕರ ಫ್ರೀ ಪಾಲಿಶ್ ಮಾಡ್ಸಿದೀನಿ’ ಅಂತ ಅವರು ಹಲ್ಲು ಬಿಟ್ಟರು. ಪಾಪ, ಒಳ್ಳೆಯದಕ್ಕೇ ಮಾಡಿದ್ದು. ಅಂಚಿನಲ್ಲಿ ೧೯ ಮಾತ್ರ ಉಳಿದಿತ್ತು. ಅಡ್ವಾನ್ಸ್ ವಾಪಸ್ ಕೇಳಿದ್ದಕ್ಕೆ ಅವರಿಗೇ ಬೇಜಾರಾಯಿತು. ಕೊನೆಗೆ ಆ ದುಡ್ಡಿಗೆ ಒಂದು ಪಿಂಗಾಣಿ ಭರಣಿ ಎತ್ತಿಕೊಂಡು ಬಂದೆ, ಮೇಲೆ ಕಂದು, ಕೆಳಗೆ ಬಿಳುಪು. ಅದರಲ್ಲಿ ಈಗ ಮಾವಿನಮಿಡಿ ಇದೆ.

ಹೆಸರಿನ ವಿಷಯದಲ್ಲಿ ಕಾರೈಕುಡಿಯವರನ್ನು ಮೀರಿಸಲು ಆಗುವುದಿಲ್ಲ. ತಮಿಳುನಾಡಿನ ಚೆಟ್ಟಿನಾಡಿನಲ್ಲಿ ನಗರತ್ತಾರ್ ಚೆಟ್ಟಿಯಾರ್ ಮನೆಗಳವರು ಪ್ರತಿ ಪಾತ್ರೆಗೂ ಮನೆಯ ಇನಿಷಿಯಲ್ ಕೊರೆಸುತ್ತಿದ್ದರು. ಹೆಣ್ಣುಮಕ್ಕಳ ಮದುವೆಗೆ ಕೊಡುತ್ತಿದ್ದ ಪಾತ್ರೆಯ ರಾಶಿ ನೋಡಿದರೆ ಕೊರೆದವರ ಬೆರಳು ಏನಾಗಿರಬೇಕು! ಬರ್ಮಾ, ಮಲಯಾ ಕಡೆ ವ್ಯಾಪಾರದಲ್ಲಿ ದುಡಿದು ತಂದ ದುಡ್ಡು. ಎರಡನೇ ಮಹಾಯುದ್ಧದಲ್ಲಿ ಬರ್ಮಾ ಜಪಾನಿನ ಕೈಗೆ ಹೋದಮೇಲೆ ಆ ಸಂಪತ್ತಿಗೆ ಪೆಟ್ಟು ಬಿತ್ತು. ಆಮೇಲೆ ಎಷ್ಟೋ ದೊಡ್ಡ ಮನೆಗಳು ಬಾಗಿಲು ಹಾಕಿದವು, ಕೆಲವನ್ನು ಬಿಚ್ಚಿಯೇ ಮಾರಿದರು. ಕಂಬ, ಬಾಗಿಲು, ಪಾತ್ರೆ ಎಲ್ಲ ಕಾರೈಕುಡಿಯ ಮುನೀಶ್ವರನ್ ಕೋವಿಲ್ ಬೀದಿಯ ಅಂಗಡಿಗಳಿಗೆ ಬಂದವು. ಅಲ್ಲಿ ನನಗೆ ಹಿತ್ತಾಳೆಗಿಂತ ಹಿಡಿಸಿದ್ದು ಎನಾಮಲ್ ಸಾಮಾನು. ಸ್ವೀಡನ್, ಜಪಾನ್, ಜೆಕೊಸ್ಲೊವಾಕಿಯಾದ ಮುದ್ರೆ ಇರುವ ಬಣ್ಣಬಣ್ಣದ ಡಬ್ಬಿ, ಟಿಫನ್ ಕ್ಯಾರಿಯರ್. ಜೆಕೊಸ್ಲೊವಾಕಿಯಾ ಅನ್ನುವ ದೇಶ ಇದ್ದದ್ದು 1918ರಿಂದ 1992ರವರೆಗೆ. ಹಾಗಾಗಿ ತಳದ ಮುದ್ರೆಯೇ ಒಂದು ಲೆಕ್ಕ ಕೊಡುತ್ತದೆ. ಎನಾಮಲ್ ಕೊಳ್ಳುವಾಗ ಒಳಗಿನ ಚಕ್ಕೆ ಎದ್ದಿದೆಯಾ ನೋಡಿ. ಚಕ್ಕೆ ಎದ್ದರೆ ಒಳಗೆ ಕಬ್ಬಿಣ, ತುಕ್ಕು ಖಂಡಿತ. ಅಂಥದ್ದು ಗಿಡ ನೆಡಲು ಸರಿ, ಊಟಕ್ಕಲ್ಲ.

ನಾನು ಮುಟ್ಟದ ಒಂದು ಜಾತಿ ಪಾತ್ರೆ ಇದೆ. ‘ಶ್ರೀ ಸ್ವಾಮಿಯವರ ಸೇವೆಗೆ’ ಅಂತಲೋ, ಊರ ದೇವಸ್ಥಾನದ ಹೆಸರೋ ಇದ್ದರೆ ಬಿಟ್ಟುಬಿಡುತ್ತೇನೆ, ಎಷ್ಟೇ ಚೆನ್ನಾಗಿರಲಿ. ದೇವಸ್ಥಾನದ ದೀಪ, ಘಂಟೆ ತಾನಾಗಿ ನಡೆದು ಗುಜರಿಗೆ ಬರುವುದಿಲ್ಲ. ಹಳೇದು ಹರಾಜು ಹಾಕಿರಬಹುದು, ಕದ್ದೂ ತಂದಿರಬಹುದು. ವಿಗ್ರಹವಂತೂ ದೂರ. ಕಲ್ಲು, ಲೋಹದ ಹಳೇ ವಿಗ್ರಹಗಳನ್ನು ಪುರಾತತ್ವ ಇಲಾಖೆಯಲ್ಲಿ ನೋಂದಾಯಿಸಬೇಕು ಅನ್ನುವ ನಿಯಮವೂ ಇದೆ. ಹೆಸರು ಉಜ್ಜುವುದನ್ನು ನಾನು ವಿರೋಧಿಸಲು ಇದೂ ಒಂದು ಕಾರಣ. ಉಜ್ಜಿದ ಮೇಲೆ ಮನೆಯ ದೀಪವೂ ಒಂದೇ, ಗುಡಿಯ ದೀಪವೂ ಒಂದೇ. ಕಳ್ಳನಿಗೆ ಇದಕ್ಕಿಂತ ಅನುಕೂಲ ಏನಿದೆ?

ತಂದ ಪಾತ್ರೆಯನ್ನು ಬಳಸಬೇಕು ಅನ್ನುವವಳು ನಾನು. ಕೆಲವರು ಷೋಕೇಸಿನಲ್ಲಿ ಇಡುತ್ತಾರೆ, ಇಡಲಿ. ಆದರೆ ಬಳಸುವುದಾದರೆ ಕಲಾಯಿ, ಅಂದರೆ ಒಳಗೆ ತವರದ ಲೇಪ, ಬೇಕು. ಹಿತ್ತಾಳೆ, ತಾಮ್ರದ ಪಾತ್ರೆಯಲ್ಲಿ ಹುಳಿ, ಮಜ್ಜಿಗೆ, ಹುಣಸೆ ಇಟ್ಟರೆ ಕಿಲುಬು ಹತ್ತುತ್ತದೆ, ಅದು ಹೊಟ್ಟೆಗೆ ವಿಷ. ಕಲಾಯಿಯವರು ಈಗ ಅಪರೂಪ. ನಮ್ಮ ಬಡಾವಣೆಗೆ ಅಪ್ಪ, ಮಗ ಇಬ್ಬರು ಟಿವಿಎಸ್ ಗಾಡಿಯಲ್ಲಿ ಬರುತ್ತಾರೆ. ನೆಲದಲ್ಲಿ ಸಣ್ಣ ಗುಂಡಿ ತೋಡಿ ಇದ್ದಿಲು ಹಾಕಿ, ಕೈಯಲ್ಲಿ ತಿರುಗಿಸುವ ಬ್ಲೋವರ್ ಜೋಡಿಸುತ್ತಾರೆ. ಪಾತ್ರೆಯ ಒಳಗನ್ನು ಮೊದಲು ಆಸಿಡ್ ನೀರಲ್ಲಿ ತೊಳೆದು ಮರಳಿನಲ್ಲಿ ತಿಕ್ಕಿ ಬೆಂಕಿಗಿಡುತ್ತಾರೆ. ಕಾದ ಮೇಲೆ ತವರದ ಕಡ್ಡಿಯನ್ನು ಒಳಗೆ ಒತ್ತಿದರೆ ಅದು ಬೆಣ್ಣೆಯ ಹಾಗಲ್ಲ, ಥಟ್ಟನೆ ಹನಿಯಾಗಿ ಓಡುತ್ತದೆ. ಆಗ ನವಸಾಗರದ ಪುಡಿ ಎಸೆಯುತ್ತಾರೆ. ಬುಸ್ ಅಂತ ಬಿಳೀ ಹೊಗೆ, ಮೂಗು ಉರಿಯುವ ವಾಸನೆ. ಅಪ್ಪ ಹತ್ತಿ ಉಂಡೆ ಹಿಡಿದು ಒಂದು ಸುತ್ತು ಸವರಿದರೆ, ಹಳದಿ ಇದ್ದದ್ದು ಬೆಳ್ಳಿಯಾಗುತ್ತದೆ. ಸವರುವಾಗ ಅವರು ಕಣ್ಣು ಮುಚ್ಚಿರುತ್ತಾರೆ, ಹೊಗೆಗೆ. ಕೈಗೆ ಮಾತ್ರ ಎಲ್ಲ ಗೊತ್ತು. ಆಮೇಲೆ ನೀರಿಗೆ ಅದ್ದಿದರೆ ಚುಂಯ್.

ಅವರೇ ಹೇಳಿದ ಮಾತು, ಕಲಾಯಿ ಪಾತ್ರೆಯನ್ನು ಬರಿದೇ ಒಲೆ ಮೇಲೆ ಇಡಬೇಡಿ. ತವರ 232 ಡಿಗ್ರಿಗೇ ಕರಗುತ್ತದೆ. ಖಾಲಿ ಪಾತ್ರೆ ಜೋರು ಉರಿಯಲ್ಲಿ ಆ ಬಿಸಿಗೆ ಬೇಗ ಮುಟ್ಟಿಬಿಡುತ್ತದೆ. ಮೊದಲು ನೀರೋ ಎಣ್ಣೆಯೋ ಬೀಳಲಿ, ಆಮೇಲೆ ಬೆಂಕಿ. ತವರದ ಜೊತೆ ಸೀಸ ಕಲಸುವವರೂ ಇದ್ದಾರೆ, ಹಾಗಾಗಿ ಗೊತ್ತಿರುವವರ ಕೈಲೇ ಮಾಡಿಸಿ. ಹೊರಗಡೆ ಉಜ್ಜಲು ಹೋದ ಮಗನಿಗೆ ಅಪ್ಪ ನನ್ನ ಪರವಾಗಿ ಬಯ್ದರು. ‘ಅಮ್ಮಾವ್ರ ಪಾತ್ರೆಗೆ ಹೊರಗೆ ಮರಳು ಹಾಕ್ಬೇಡ ಕಣೋ, ಅವರು ಓದ್ತಾರೆ.’

ನಮ್ಮ ಯಜಮಾನರಿಗೆ ಪಾತ್ರೆ ಅಂದರೆ ಆಗುವುದಿಲ್ಲ. ಅವರದು ಚಿತ್ರಪಟದ ಹುಚ್ಚು. ರಾಜಾ ರವಿವರ್ಮ 1894ರಲ್ಲಿ ಮುಂಬೈಯಲ್ಲಿ ಶುರುಮಾಡಿದ ಮುದ್ರಣಾಲಯದ ಕಲ್ಲಚ್ಚಿನ, ಅಂದರೆ ಕಲ್ಲಿನ ಮೇಲೆ ಚಿತ್ರ ಬಿಡಿಸಿ ಒತ್ತಿದ, ಲಕ್ಷ್ಮಿ, ಸರಸ್ವತಿ ಪಟಗಳು. ಮನೆಯ ಹೆಂಗಸರು ಆ ಪಟಗಳಿಗೆ ಜರಿ, ಚಮಕಿ ಹೊಲಿದು ಸೀರೆ ಉಡಿಸುತ್ತಿದ್ದರು. ಅಂಥದ್ದೊಂದು ನಮ್ಮ ಹಾಲಿನಲ್ಲಿದೆ. ಪೇಟೆಯಲ್ಲಿ ಈಗ ಕಂಪ್ಯೂಟರ್ ಪ್ರಿಂಟಿಗೆ ಟೀ ನೀರು ಚೆಲ್ಲಿ ಹಳೇ ಫ್ರೇಮಿಗೆ ಹಾಕಿ ಮಾರುವವರು ಜಾಸ್ತಿ. ಭೂತಗನ್ನಡಿ ಹಿಡಿದಾಗ ಸಾಲು ಸಾಲು ಒಂದೇ ಅಂತರದ ಚುಕ್ಕಿ ಕಂಡರೆ ಅದು ಕಲ್ಲಚ್ಚಿನದಲ್ಲ. ಕಲ್ಲಚ್ಚಿನ ಪಟದಲ್ಲಿ ಬಣ್ಣದ ಕಣ ಅಡ್ಡಾದಿಡ್ಡಿ ಚೆಲ್ಲಿರುತ್ತದೆ. ಒಂದೇ ಭೂತಗನ್ನಡಿಗೆ ಮನೆಯಲ್ಲಿ ಇಬ್ಬರು ಜಗಳ ಆಡುತ್ತೇವೆ.

ದುಡ್ಡು ಕೊಡದೆ ನೋಡಬೇಕು ಅನ್ನುವವರಿಗೆ ಜಾಗ ಇದೆ. ರಾಮನಗರದ ಹತ್ತಿರ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕಕ್ಕೆ ಹೋಗಿ, ಹಳ್ಳಿ ಮನೆಯ ಸಾಮಾನು ಅಷ್ಟನ್ನೂ ಒಂದೇ ಕಡೆ ನೋಡಬಹುದು. ಧರ್ಮಸ್ಥಳದ ಮಂಜೂಷಾ ಮ್ಯೂಸಿಯಂ ಇದೆ. ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಹಳೇ ಮನೆಗಳನ್ನೇ ಬಿಚ್ಚಿ ತಂದು ಮತ್ತೆ ನಿಲ್ಲಿಸಿದ ಪಾರಂಪರಿಕ ಗ್ರಾಮ ಇದೆ. ಗುಜರಾತಿಗೆ ಹೋದರೆ ಅಹಮದಾಬಾದಿನ ವಿಶಾಲಾ ಹೋಟೆಲಿನಲ್ಲಿ 1981ರಲ್ಲಿ ಶುರುವಾದ ಪಾತ್ರೆಗಳದ್ದೇ ಒಂದು ಮ್ಯೂಸಿಯಂ ಇದೆ. ನನ್ನ ಜೊತೆ ಮಾತ್ರ ಬರಬೇಡಿ. ನಾನು ಒಂದೊಂದರ ಕಂಠ ನೋಡುತ್ತಾ ಹೋಗುತ್ತೇನೆ, ಗೈಡಿಗೂ ಬೇಜಾರು, ಜೊತೆಯವರಿಗೂ ಬೇಜಾರು.

ಹಳೇ ಪಾತ್ರೆ ಕೊಟ್ಟು ಸ್ಟೀಲು ತಗೊಂಡ ನಮ್ಮ ತಾಯಂದಿರನ್ನು ಬಯ್ಯುವ ಒಂದು ಅಭ್ಯಾಸ ಈಗ ಶುರುವಾಗಿದೆ. ‘ಅಯ್ಯೋ, ಚಿನ್ನದಂಥ ಹಿತ್ತಾಳೆ ಹಾಕಿ ತಗಡು ತಂದರು’ ಅಂತ. ನಮ್ಮ ಮನೆಯ ಹಿತ್ತಾಳೆಯೂ ಹಾಗೇ ಹೋಯಿತು, ಹಂಡೆಯಿಂದ ಹಿಡಿದು ಸುಣ್ಣದ ಡಬ್ಬಿವರೆಗೆ. ನನ್ನ ಕೇಳಿದರೆ ಅಮ್ಮ ಮಾಡಿದ್ದು ಸರಿ. ಬೆಳಗಾದರೆ ಬೂದಿ, ಹುಣಸೆ ಹಿಡಿದು ತಿಕ್ಕುತ್ತಿದ್ದವಳು ಅವಳು, ವರ್ಷಕ್ಕೆರಡು ಸಲ ಕಲಾಯಿಗೆ ದುಡ್ಡು ಹೊಂದಿಸುತ್ತಿದ್ದವಳೂ ಅವಳೇ. ಸ್ಟೀಲು ಬಂದ ದಿನ ಅವಳ ಕೈಗೆ ಬಿಡುವು ಸಿಕ್ಕಿತು. ಬಯ್ಯುವವರಲ್ಲಿ ಒಬ್ಬರೂ ತಿಕ್ಕಿದವರಲ್ಲ. ಈಗ ನಾನು ತಿಕ್ಕುತ್ತೇನೆ ಅಂದರೆ ಅದು ಭಾನುವಾರದ ಷೋಕಿ. ಅಮ್ಮ ನಮ್ಮನೆಗೆ ಬಂದಾಗ ಬಾಲ್ಕನಿ ನೋಡಿ, ‘ಇಷ್ಟೆಲ್ಲ ಯಾರಮ್ಮಾ ತೊಳೆಯೋರು?’ ಅಂತ ಕೇಳಿದಳೇ ಹೊರತು ಒಂದನ್ನೂ ಮುಟ್ಟಲಿಲ್ಲ.

ಸದ್ಯಕ್ಕೆ ನಾನು ಹುಡುಕುತ್ತಿರುವುದು ಹಿತ್ತಾಳೆ ಚಕ್ಕುಲಿ ಒರಳು. ಒರಳು ಬೇಕಾದಷ್ಟು ಸಿಗುತ್ತದೆ, ಬಿಲ್ಲೆ ಸಿಗುವುದಿಲ್ಲ. ಶ್ಯಾವಿಗೆಯ ಸಣ್ಣ ತೂತಿನ ಬಿಲ್ಲೆ ಇದ್ದರೆ ಚಕ್ಕುಲಿಯ ನಕ್ಷತ್ರದ ಬಿಲ್ಲೆ ಇರುವುದಿಲ್ಲ. ಎರಡೂ ಇದ್ದರೆ ಒತ್ತುವ ಹಿಡಿಯ ಮರ ಹುಳ ತಿಂದಿರುತ್ತದೆ. ಬೇರೆ ಒರಳಿನ ಬಿಲ್ಲೆ ತಂದರೆ ಅಳತೆ ಕೂರುವುದಿಲ್ಲ, ಹಿಟ್ಟು ಪಕ್ಕದಿಂದ ಬರುತ್ತದೆ. ಕಳೆದ ವಾರ ಒಂದು ಪೂರ್ತಿ ಸೆಟ್ಟು ಕಂಡಿತು, ಬೆಲೆ ಕೇಳಿ ವಾಪಸ್ ಇಟ್ಟೆ. ಗೋಕುಲಾಷ್ಟಮಿ ಒಳಗೆ ಆ ಮನುಷ್ಯ ಇಳಿದರೆ ತರುತ್ತೇನೆ. ಇಳಿಯದಿದ್ದರೆ ಸ್ಟೀಲ್ ಒರಳಿದೆ, ಅದರಲ್ಲೂ ಚಕ್ಕುಲಿ ಚೆನ್ನಾಗೇ ಬರುತ್ತದೆ.